ಕೊಪ್ಪರಿಗೆಯ ನೊರೆ, ಗೋಡೆಯ ಮಸಿ

ದೊಡ್ಡಪ್ಪ ತೀರಿಕೊಂಡ ಮೂರನೇ ದಿನ ಊರಿಂದ ಅಣ್ಣ ಫೋನ್ ಮಾಡಿದ. ಹನ್ನೊಂದನೇ ದಿನದ ತಿಥಿಗೆ ಇಡಲು ಒಂದು ಫೋಟೋ ಬೇಕು, ಆಧಾರ್ ಕಾರ್ಡಿನದು ಬಿಟ್ಟರೆ ಮನೆಯಲ್ಲಿ ಒಂದೂ ಇಲ್ಲ, ನೀನು ಯಾವಾಗಲೋ ತೆಗೆದಿದ್ದೆಯಲ್ಲ ಎಂದ. ತೆಗೆದಿದ್ದೆ. ಎರಡು ವರ್ಷದ ಹಿಂದೆ, ಪಾಂಡವಪುರದ ಆಚೆ ನಮ್ಮವರ ಆಲೆಮನೆಯಲ್ಲಿ. ದೊಡ್ಡಪ್ಪ ಉದ್ದ ಹಿಡಿಯ ಸಟ್ಟುಗ ಹಿಡಿದು ಕೊಪ್ಪರಿಗೆಯ ಮುಂದೆ ನಿಂತಿದ್ದಾರೆ. ಕುದಿಯುವ ಕಬ್ಬಿನ ಹಾಲಿನ ಹಬೆ ಅವರ ಎಡಗಡೆಯಿಂದ ಏಳುತ್ತಿದೆ. ಬೆನ್ನ ಹಿಂದೆ ವರ್ಷಾನುಗಟ್ಟಲೆ ಹೊಗೆ ಕುಡಿದ ಗೋಡೆ. ಸೂರಿನ ಸಂದಿಯಿಂದ ಇಳಿದ ಬೆಳಕು ಹಣೆ, ಕೆನ್ನೆಯ ಮೂಳೆ, ಮುಂಗೈ ಇಷ್ಟನ್ನೇ ಮುಟ್ಟಿದೆ. ಕ್ಯಾಮೆರಾ ಹಿಡಿದದ್ದು ಬಣ್ಣದಲ್ಲೇ. ಪಕ್ಕದಲ್ಲಿದ್ದ ನೀಲಿ ಡ್ರಮ್ಮು, ಕಿತ್ತಳೆ ಬಣ್ಣದ ಟಾರ್ಪಾಲು ನೋಡುವವರ ಕಣ್ಣನ್ನು ಬೇರೆ ಕಡೆ ಎಳೆಯುತ್ತಿದ್ದವು. ಬಣ್ಣ ತೆಗೆದ ಮೇಲೆ ದೊಡ್ಡಪ್ಪ, ಹಬೆ, ಮಸಿ ಮೂರೇ ಉಳಿದವು.

ಸರಸ್ವತಿಪುರಂನ ನಮ್ಮ ಮನೆಗೆ ಹತ್ತಿರದ ಲ್ಯಾಬಿಗೆ ಪೆನ್‌ಡ್ರೈವ್ ಕೊಟ್ಟು 12x18 ಅಂಗುಲದ ಪ್ರಿಂಟ್ ಹಾಕಿಸಿದೆ. ಸಂಜೆ ಕೌಂಟರಿನಲ್ಲಿ ನೋಡಿದಾಗ ಚೆನ್ನಾಗಿಯೇ ಇತ್ತು. ಮನೆಗೆ ತಂದು ಟ್ಯೂಬ್‌ಲೈಟಿನ ಕೆಳಗೆ ಬಿಡಿಸಿದರೆ ದೊಡ್ಡಪ್ಪನ ಕೆನ್ನೆಯ ಮೇಲೆ ತೆಳುವಾಗಿ ಪಾಚಿ ಕಟ್ಟಿದ ಹಾಗೆ ಹಸಿರು. ಬೆಳಿಗ್ಗೆ ಬಾಲ್ಕನಿಯ ಬೆಳಕಿಗೆ ಹಿಡಿದರೆ ಅದೇ ಕೆನ್ನೆ ನೇರಳೆಯ ಕಡೆ ವಾಲಿತ್ತು. ಅದಕ್ಕಿಂತ ಹೆಚ್ಚು ಸಂಕಟವಾದದ್ದು ಕೊಪ್ಪರಿಗೆ ನೋಡಿ. ನೊರೆಯೆಲ್ಲ ಮೈದಾಹಿಟ್ಟು ಸುರಿದ ಹಾಗೆ ಒಂದೇ ಬಿಳಿ. ಗೋಡೆ ಒಂದೇ ಕಪ್ಪು. ಮತ್ತೆ ಹಾಕಿಸಲು ಸಮಯ ಇರಲಿಲ್ಲ. ಅದಕ್ಕೇ ಕಟ್ಟು ಹಾಕಿಸಿ ಊರಿಗೆ ಒಯ್ದೆ. ಹಾರ ಬಿತ್ತು, ಎಡೆ ಇಟ್ಟರು, ಬಂದವರೆಲ್ಲ ಕೈಮುಗಿದರು. ಜನ ಚದುರಿದ ಮೇಲೆ ದೊಡ್ಡಮ್ಮ ಫೋಟೋದ ಮುಂದೆ ಬಂದು ಕೂತು ಬಹಳ ಹೊತ್ತು ನೋಡಿದರು. "ಇವರ ಮೊಕ ಯಾಕ್ ಮಗ ಹಸ್ರುಗೆ ಕಾಣ್ತದೆ?" ಅಂದರು.

ಆ ಮಾತು ನನ್ನ ಜೊತೆ ಮೈಸೂರಿಗೆ ಬಂತು.

ತಪ್ಪು ಲ್ಯಾಬಿನ ಹುಡುಗನದಲ್ಲ. ಮತ್ತೆ ಹೋಗಿ ಕೇಳಿದಾಗ, "ಸಾರ್, ಆಟೋ ಕರೆಕ್ಷನ್ ಆನ್ ಇತ್ತು" ಎಂದು ಒಪ್ಪಿಕೊಂಡು, ಅದನ್ನು ತೆಗೆದು ದುಡ್ಡಿಲ್ಲದೆ ಇನ್ನೊಂದು ಹಾಕಿಕೊಟ್ಟ. ನೊರೆ ಸ್ವಲ್ಪ ಬಂತು, ಹಸಿರು ಮಾತ್ರ ಹೋಗಲಿಲ್ಲ. ಯಾಕೆಂದರೆ ಆ ಕಾಗದದಲ್ಲಿ ಕಪ್ಪು ಎನ್ನುವುದೇ ಇಲ್ಲ. ಲ್ಯಾಬುಗಳಲ್ಲಿ ಬಳಸುವ ಬಣ್ಣದ ಫೋಟೋ ಕಾಗದದಲ್ಲಿ ಇರುವುದು ಹಳದಿ, ಮಜೆಂಟಾ, ಸಯಾನ್ ಎಂಬ ಮೂರು ವರ್ಣಗಳನ್ನು ಹುಟ್ಟಿಸುವ ಪದರಗಳು. ಕೆಂಪು, ಹಸಿರು, ನೀಲಿ ಬೆಳಕು ಅದರ ಮೇಲೆ ಬಿದ್ದು, ರಸಾಯನದಲ್ಲಿ ಮುಳುಗಿ ಎದ್ದಾಗ ಮೂರೂ ವರ್ಣ ಸರಿಸಮ ಬೆರೆತರೆ ನಮಗೆ ಬೂದು ಎಂದು ಕಾಣುತ್ತದೆ. ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಬೂದು ಒಂದು ಕಡೆಗೆ ವಾಲುತ್ತದೆ. ಮದುವೆ ಫೋಟೋದಲ್ಲಿ ಅಷ್ಟು ವ್ಯತ್ಯಾಸ ರೇಷ್ಮೆ ಸೀರೆಯ ಅಂಚಿನಲ್ಲಿ, ಅರಿಶಿನದ ಕೆನ್ನೆಯಲ್ಲಿ ಕರಗಿಹೋಗುತ್ತದೆ. ಬೂದುಬಣ್ಣದಲ್ಲಿ ಅದಕ್ಕೆ ಅಡಗಲು ಜಾಗವೇ ಇಲ್ಲ. ಈಗ ಹಲವು ಲ್ಯಾಬುಗಳಲ್ಲಿ ರಸಾಯನದ ಯಂತ್ರ ಹೋಗಿ ಇಂಕ್‌ಜೆಟ್ಟಿನ ಡ್ರೈ ಲ್ಯಾಬ್ ಬಂದಿದೆ. ಅವುಗಳಲ್ಲೂ ಎಷ್ಟೋ ಯಂತ್ರಗಳಿಗೆ ಪ್ರತ್ಯೇಕ ಬೂದು ಶಾಯಿ ಇರುವುದಿಲ್ಲ, ಅಲ್ಲೂ ಬೂದು ಬಹುಪಾಲು ಬಣ್ಣಗಳ ಬೆರಕೆಯೇ. ಬೆರೆಸಿದ ಬೂದು ಒಂದು ದೀಪದಲ್ಲಿ ಸರಿಯಾಗಿ ಕಂಡು ಇನ್ನೊಂದರಲ್ಲಿ ತಿರುಗಿಬೀಳುವುದನ್ನು ಪ್ರಿಂಟಿನವರು ಮೆಟಮೆರಿಸಂ ಎನ್ನುತ್ತಾರೆ. ದೊಡ್ಡಮ್ಮ ಕಂಡದ್ದು ಅದನ್ನೇ.

ಹಿಂದಿನ ಕಪ್ಪು-ಬಿಳುಪು ಪ್ರಿಂಟಿಗೆ ಈ ಕಾಯಿಲೆ ಇರಲಿಲ್ಲ. ಅದರ ಕಪ್ಪು ಬೆಳ್ಳಿಯದು, ಜೆಲಾಟಿನ್ ಪದರದಲ್ಲಿ ಸಿಕ್ಕಿಕೊಂಡ ಅತಿಸಣ್ಣ ಬೆಳ್ಳಿಕಣಗಳದು. ಮೈಸೂರಿನವರಿಗೆ ಈ ಬೆಳ್ಳಿ ಬೇರೆ ದಾರಿಯಲ್ಲಿ ಪರಿಚಯ. ಮತ ಹಾಕಿದಾಗ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರ ಚುನಾವಣೆಯಿಂದ ನಮ್ಮೂರಿನಲ್ಲೇ ತಯಾರಾಗುತ್ತಿದೆ, ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆಯಲ್ಲಿ. ಆ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಬೆಳಕು ಬಿದ್ದಂತೆ ಬೆರಳ ಮೇಲೆ ಕಪ್ಪಾಗುತ್ತದಲ್ಲ, ಫೋಟೋ ಕಾಗದ ಕಪ್ಪಾಗುವುದಕ್ಕೂ ಮೂಲ ಬೆಳ್ಳಿಯ ಲವಣಗಳ ಆ ಗುಣವೇ. ಬೆಳ್ಳಿಯ ಲವಣ ಬಳಿದ ಬ್ರೋಮೈಡ್ ಕಾಗದವೂ ನಮಗೆ ದೂರದಿಂದ ಬರಬೇಕಿರಲಿಲ್ಲ. ಬಂಡೀಪುರ ದಾಟಿ ಘಾಟಿ ಹತ್ತಿದರೆ ಊಟಿ. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಅಲ್ಲಿತ್ತು, 'ಇಂದು' ಎಂಬ ಹೆಸರಿನಲ್ಲಿ ಫಿಲ್ಮು, ಕಾಗದ ಎರಡನ್ನೂ ಮಾಡುತ್ತಿತ್ತು. ಈಗ ಆ ಕಾರ್ಖಾನೆ ಮುಚ್ಚಿದೆ. ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923-2009) ಮೈಸೂರಿನಲ್ಲಿ ಹುಟ್ಟಿ, ದೇಶವೆಲ್ಲ ಸುತ್ತಿ, ಕೊನೆಗೆ ಮೈಸೂರಿನಲ್ಲೇ ಇದ್ದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಅವರು ತೆಗೆದ ಸಾಮಾನ್ಯ ಜನರ, ಮಕ್ಕಳ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿ ಬೆಳೆದವನು ನಾನು. ಆ ಮುಖಗಳಲ್ಲಿ ಬೂದಿನ ಎಷ್ಟು ಮಜಲುಗಳಿವೆ ಎಂದು ಎಣಿಸಲು ಹೊರಟರೆ ಲೆಕ್ಕ ತಪ್ಪುತ್ತದೆ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ನಲವತ್ತು ವರ್ಷ ಸ್ಟುಡಿಯೋ ನಡೆಸಿ, ಡಾರ್ಕ್‌ರೂಮಿನಲ್ಲಿ ತಾವೇ ಪ್ರಿಂಟ್ ಹಾಕಿದವರು. ಮೂಡಿದ ಚಿತ್ರವನ್ನು ಕಾಗದದಲ್ಲಿ ನಿಲ್ಲಿಸುವ ಹೈಪೋ ದ್ರಾವಣದ ವಾಸನೆ ಇನ್ನೂ ಕನಸಿನಲ್ಲಿ ಬರುತ್ತೆ ಎನ್ನುತ್ತಾರೆ. ಅವರಿಗೆ ಲ್ಯಾಬಿನ ಎರಡು ಪ್ರಿಂಟನ್ನೂ ತೋರಿಸಿದೆ. ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಕನ್ನಡಕ ಹಣೆಗೆ ಏರಿಸಿ ನೋಡಿದರು.

"ಟೈಮಿಂಗ್ ಬಿಳಿಗೆ ಕೊಡಬೇಕಪ್ಪ, ಪೇಪರ್ ಗ್ರೇಡು ಕಪ್ಪಿಗೆ. ಇದರಲ್ಲಿ ಎರಡನ್ನೂ ಯಾರೂ ಕೇಳೇ ಇಲ್ಲ."

"ಮೆಷಿನ್ ಅಲ್ವಾ ಸಾರ್."

"ಮೆಷಿನ್ ಕೇಳಲ್ಲ. ಕೇಳಬೇಕಾದೋನು ನೀನು. ಪಟ್ಟಿ ಹಾಕಿದೆಯಾ?"

ಟೈಮಿಂಗ್ ಎಂದರೆ ಕಾಗದಕ್ಕೆ ಬೆಳಕು ಕೊಡುವ ಹೊತ್ತು, ಗ್ರೇಡು ಎಂದರೆ ಕಪ್ಪು-ಬಿಳುಪಿನ ಅಂತರವನ್ನು ಎಷ್ಟು ತೀವ್ರವಾಗಿ ತೋರಿಸುತ್ತದೆ ಎನ್ನುವ ಕಾಗದದ ದರ್ಜೆ. ಪಟ್ಟಿ ಎಂದರೆ ಟೆಸ್ಟ್ ಸ್ಟ್ರಿಪ್. ದೊಡ್ಡ ಹಾಳೆ ಹಾಕುವ ಮೊದಲು ಒಂದು ಸಣ್ಣ ಪಟ್ಟಿಗೆ ಐದು ಸೆಕೆಂಡು, ಹತ್ತು ಸೆಕೆಂಡು, ಹದಿನೈದು ಸೆಕೆಂಡು ಹೀಗೆ ಹಂತಹಂತವಾಗಿ ಬೆಳಕು ಕೊಟ್ಟು, ತೊಳೆದು, ಯಾವ ಹಂತದಲ್ಲಿ ಬಿಳಿ ಇನ್ನೂ ಉಸಿರಾಡುತ್ತಿದೆ ಎಂದು ನೋಡಿಕೊಳ್ಳುವುದು. ಅವರು ಗಾಳಿಯಲ್ಲಿ ಎರಡೂ ಕೈ ಆಡಿಸಿ, ಚಿತ್ರವನ್ನು ದೊಡ್ಡದಾಗಿ ಕಾಗದಕ್ಕೆ ಬೀಳಿಸುವ ಎನ್‌ಲಾರ್ಜರಿನ ಬೆಳಕಿಗೆ ಅಡ್ಡ ಹಿಡಿದು ಮುಖವನ್ನು ಹೇಗೆ ತಿಳಿ ಮಾಡುತ್ತಿದ್ದೆ, ಬೆರಳ ಸಂದಿಯಿಂದ ಬೆಳಕು ಬಿಟ್ಟು ಮೂಲೆಯನ್ನು ಹೇಗೆ ಗಾಢ ಮಾಡುತ್ತಿದ್ದೆ ಎಂದು ತೋರಿಸಿದರು. ಅವತ್ತೇ ನಿರ್ಧಾರ ಮಾಡಿದೆ, ಈ ಒಂದು ಚಿತ್ರವನ್ನು ನಾನೇ ಪ್ರಿಂಟ್ ಹಾಕುತ್ತೇನೆ, ವರ್ಷದ ತಿಥಿಯ ಹೊತ್ತಿಗೆ.

ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಪ್ರಿಂಟರ್ ತಂದೆ. 13x19 ಅಂಗುಲದವರೆಗೆ ಹಾಕಬಲ್ಲದ್ದು. ನೋಡಿ ಕೊಂಡದ್ದು ಎರಡನ್ನೇ: ಅದರಲ್ಲಿ ಕಪ್ಪಿನ ಜೊತೆಗೆ ಎರಡು ಬೂದು ಶಾಯಿಗಳಿರಬೇಕು, ಶಾಯಿ ನೀರಿನಲ್ಲಿ ಕರಗಿದ ಡೈ ಆಗಿರದೆ ಸಣ್ಣ ಕಣಗಳ ಪಿಗ್ಮೆಂಟ್ ಆಗಿರಬೇಕು. ಮೂರು ಮಟ್ಟದ ಕಪ್ಪನ್ನು ಮನೆಯ ಪ್ರಿಂಟರಿಗೆ ತಂದ ಎಪ್ಸನ್‌ನ ಕೆ3 ಶಾಯಿ ಬಂದದ್ದು 2005ರಲ್ಲಿ. ಆಮೇಲೆ ಇತರರೂ ಬೂದು ಶಾಯಿ ಕೊಟ್ಟರು. ಬೂದನ್ನು ಬಣ್ಣಗಳಿಂದ ಬೆರೆಸುವ ಬದಲು ಹೆಚ್ಚು ಪಾಲು ಬೂದು ಶಾಯಿಯಿಂದಲೇ ಹಾಕಿದರೆ ದೀಪ ಬದಲಾದರೂ ಚಿತ್ರ ಅಷ್ಟು ಸುಲಭಕ್ಕೆ ಹಸಿರಾಗುವುದಿಲ್ಲ. ಈ ಹಂಬಲ ಹಳೆಯದೇ. ಗಾಯಕ ಗ್ರಹಾಂ ನ್ಯಾಶ್ ತಾನು ತೆಗೆದ ಕಪ್ಪು-ಬಿಳುಪು ಚಿತ್ರಗಳನ್ನು ಕಂಪ್ಯೂಟರಿನಿಂದ ಕಾಗದಕ್ಕೆ ತರಬೇಕೆಂದು ಹೊರಟು, ಅಚ್ಚುಮನೆಗಳಲ್ಲಿ ಕರಡು ಪ್ರತಿ ತೆಗೆಯಲೆಂದು ಮಾಡಿದ್ದ ಐರಿಸ್ ಎಂಬ ಭಾರೀ ಯಂತ್ರವನ್ನು ತರಿಸಿ, 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೇ ಒಂದು ಸ್ಟುಡಿಯೋ ತೆರೆದ. ಆ ಯಂತ್ರ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ನನ್ನದು ಮಲಗುವ ಕೋಣೆಯ ಮೂಲೆಯ ಮೇಜಿನ ಮೇಲಿದೆ.

ಮೊದಲ ಪ್ರಿಂಟ್ ಹೊರಬಂತು. ಹಸಿರಿಲ್ಲ. ಆದರೆ ಇಡೀ ಚಿತ್ರ ಮೋಡ ಕವಿದಂತೆ ಕಪ್ಪಗೆ. ಮನೆಯಲ್ಲಿ ಪ್ರಿಂಟ್ ಹಾಕುವ ಬಹುತೇಕ ಎಲ್ಲರೂ ಮೊದಲು ಮುಗ್ಗರಿಸುವುದು ಇಲ್ಲೇ, ಪ್ರಿಂಟರನ್ನು ಬೈದುಕೊಳ್ಳುವುದೂ ಇಲ್ಲೇ. ಗೊಂದಲ ಇರುವುದು ಪರದೆಯಲ್ಲಿ. ಪರದೆ ತಾನೇ ಉರಿಯುವ ದೀಪ, ಕಾಗದ ಬೇರೆ ದೀಪದ ಬೆಳಕನ್ನು ಸಾಲ ತಂದು ತೋರಿಸುವಂಥದ್ದು. ನನ್ನ ಲ್ಯಾಪ್‌ಟಾಪ್ ಪೂರ್ತಿ ಬೆಳಕಿನಲ್ಲಿ 300 ನಿಟ್ಸ್ (ನಿಟ್ ಎಂದರೆ ಪರದೆಯ ಬೆಳಕಿನ ಅಳತೆ) ದಾಟುತ್ತಿತ್ತು. ಪ್ರಿಂಟಿಗೆ ಚಿತ್ರ ತಿದ್ದುವವರು ಇಟ್ಟುಕೊಳ್ಳುವುದು 80ರಿಂದ 120. ನಾನು ಪರದೆಯ ಬೆಳಕನ್ನು ಅಳೆಯುವ ಕ್ಯಾಲಿಬ್ರೇಟರ್ ತಗಲಿಸಿ 100ಕ್ಕೆ ಇಳಿಸಿದಾಗ ಪರದೆಯ ಮೇಲಿನ ದೊಡ್ಡಪ್ಪ ಕೈಯಲ್ಲಿದ್ದ ಪ್ರಿಂಟಿನಷ್ಟೇ ಕಪ್ಪಗಿದ್ದರು. ಎರಡು ವರ್ಷ ನಾನು ನೋಡುತ್ತ ಬಂದಿದ್ದ ಆ ಚಿತ್ರದ ಕಾಂತಿಯಲ್ಲಿ ಅರ್ಧಕ್ಕರ್ಧ ಲ್ಯಾಪ್‌ಟಾಪಿನದಾಗಿತ್ತು ಎಂದು ಅವತ್ತು ಗೊತ್ತಾಯಿತು. ಲ್ಯಾಬಿಗೆ ನಾನು ಕೊಟ್ಟಿದ್ದ ಫೈಲೂ ಅಂಥದ್ದೇ. ಕತ್ತಲೆಯ ಫೈಲು ಕೊಟ್ಟಿದ್ದಕ್ಕೇ ಆ ಯಂತ್ರ ತನ್ನ ಬುದ್ಧಿಗೆ ತೋಚಿದಂತೆ ಎತ್ತಿ, ನೊರೆಯನ್ನು ಸುಟ್ಟುಬಿಟ್ಟಿತ್ತು.

ಹಾಗಾಗಿ ಕ್ಯಾಮೆರಾ ಹಿಡಿದದ್ದನ್ನು ಹಾಗೇ ಇಟ್ಟುಕೊಂಡಿರುವ ಮೂಲ ರಾ ಫೈಲಿನಿಂದ ಮತ್ತೆ ಶುರು ಮಾಡಿದೆ. ಬಣ್ಣವನ್ನು ಬೂದಾಗಿಸುವಾಗ ಕೆಂಪಿಗೆ ಒತ್ತು ಕೊಟ್ಟರೆ ನಮ್ಮ ಕಂದು ಮೈಬಣ್ಣ ತಿಳಿಯಾಗಿ ನುಣುಪಾಗುತ್ತದೆ, ಮದುಮಗಳಿಗೆ ಚೆನ್ನ. ಹಸಿರಿಗೆ ಒತ್ತು ಕೊಟ್ಟರೆ ಸುಕ್ಕು, ಕುರುಚಲು ಗಡ್ಡ, ಬಿಸಿಲಿಗೆ ಒಡೆದ ಚರ್ಮ ಎಲ್ಲ ಎದ್ದು ಬರುತ್ತವೆ. ದೊಡ್ಡಪ್ಪನಿಗೆ ಎರಡನೆಯದೇ ಸರಿ. ಇನ್ನೊಂದು ವಿಷಯವನ್ನು ನಾನು ತಡವಾಗಿ ಕಲಿತೆ. ಜೆಪೆಗ್ ಫೈಲಿನಲ್ಲಿ ಬಣ್ಣಗಳು 1 ಕೋಟಿ 67 ಲಕ್ಷ ಇದ್ದರೂ ಬೂದಿನ ಮೆಟ್ಟಿಲು ಬರೀ 256. ಹಬೆಯಂಥ ಮೆದು ಜಾಗವನ್ನು ಎಳೆದಾಡಿದರೆ ಆ ಮೆಟ್ಟಿಲುಗಳು ಒಡೆದು ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಲ್ಯಾಬಿಗೆ ಕೊಡುವುದು ಸಾಮಾನ್ಯವಾಗಿ ಜೆಪೆಗ್ಗೇ. ಮನೆಯಲ್ಲಿ ಬೂದಿನ ಮೆಟ್ಟಿಲು ಎಷ್ಟೋ ಹೆಚ್ಚಿರುವ 16 ಬಿಟ್‌ನ ಫೈಲಿನಲ್ಲೇ ಕೊನೆಯವರೆಗೂ ಕೆಲಸ ಮಾಡಬಹುದು.

ಆಮೇಲೆ ಪಟ್ಟಿ. ಒಂದು ಎ4 ಹಾಳೆಯನ್ನು ನಾಲ್ಕು ಉದ್ದುದ್ದ ತುಂಡು ಮಾಡಿ, ಪ್ರತಿ ತುಂಡಿಗೂ ಹಣೆ, ನೊರೆ, ಗೋಡೆ ಮೂರೂ ಬರುವಂತೆ ಚಿತ್ರದ ಒಂದು ಸೀಳನ್ನು ಹಾಕಿದೆ. ಒಂದರಲ್ಲಿ ನೊರೆ ಸ್ವಲ್ಪ ಇಳಿಸಿ, ಇನ್ನೊಂದರಲ್ಲಿ ಗೋಡೆ ಸ್ವಲ್ಪ ಎತ್ತಿ. ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಬರೆದುಕೊಂಡೆ. ಮೊದಮೊದಲು ಬಂದ ತಕ್ಷಣ ನೋಡಿ ತೀರ್ಮಾನ ಮಾಡುತ್ತಿದ್ದೆ. ಒಣಗಿದ ಮೇಲೆ ಕಪ್ಪಿನ ಆಳ ಸ್ವಲ್ಪ ಬದಲಾಗುವುದು ಕಂಡು, ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ನೋಡುವ ಅಭ್ಯಾಸ ಮಾಡಿಕೊಂಡೆ. ಒಂದು ಭಾನುವಾರ ಹನ್ನೊಂದು ಪಟ್ಟಿಗಳನ್ನು ಹಳೆಯ ಕ್ಯಾಲೆಂಡರಿನ ರಟ್ಟಿನ ನಡುವೆ ಇಟ್ಟುಕೊಂಡು ಊರಿಗೇ ಹೋದೆ. ಫೋಟೋ ತೂಗುಹಾಕುವ ಜಾಗ ನಡುಮನೆಯ ಪಡುವಣ ಗೋಡೆ. ಬೆಳಿಗ್ಗೆ ಬಾಗಿಲಿನಿಂದ ಬೆಳಕು, ಸಂಜೆ ಒಂದು ಎಲ್‌ಇಡಿ ಬಲ್ಬು. ಪಟ್ಟಿಗಳನ್ನು ಅಲ್ಲೇ ಗೋಡೆಗೆ ಅಂಟಿಸಿ ಹಗಲು, ರಾತ್ರಿ ಎರಡೂ ನೋಡಿದೆ. ಮೈಸೂರಿನಲ್ಲಿ ನನಗೆ ಇಷ್ಟವಾಗಿದ್ದ ಪಟ್ಟಿ ಅಲ್ಲಿ ಕತ್ತಲೆ. ಅದಕ್ಕಿಂತ ಎರಡು ಹಂತ ತಿಳಿಯಾದದ್ದನ್ನು ಆರಿಸಿಕೊಂಡೆ. ಪ್ರಿಂಟು ಎಲ್ಲಿ ಇರುತ್ತದೋ ಅಲ್ಲಿನ ಬೆಳಕಿಗೇ ಪ್ರಿಂಟ್ ಹಾಕಬೇಕು. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಒತ್ತಿ ಹೇಳುತ್ತೇನೆ. ಯಾವ ಲ್ಯಾಬಿನವರೂ ನಮ್ಮ ದೊಡ್ಡಮ್ಮನ ನಡುಮನೆಗೆ ಬಂದು ನೋಡಲಾರರು.

ಕಾಗದದ್ದೇ ಒಂದು ಕಥೆ. ಹತ್ತಿಯಿಂದ ಮಾಡಿದ, ಚದರ ಮೀಟರಿಗೆ 308 ಗ್ರಾಂ ತೂಗುವ ಮ್ಯಾಟ್ ಕಾಗದ ಕೈಯಲ್ಲಿ ಹಿಡಿದರೆ ಇಡಲು ಮನಸ್ಸಾಗುವುದಿಲ್ಲ. ಗಾಜಿಲ್ಲದೆ ನೋಡಿದರೆ ಹೊಳಪಿನ ಕಾಟವಿಲ್ಲ, ಬೂದುಗಳು ಕಾಗದದೊಳಗಿಂದಲೇ ಹುಟ್ಟಿದಂತೆ ಕಾಣುತ್ತವೆ. ಆದರೆ ಅದರ ಅತಿ ಕಪ್ಪು ಕೂಡ ಪೂರ್ತಿ ಕಪ್ಪಲ್ಲ. ಮ್ಯಾಟ್ ಕಾಗದದಲ್ಲಿ ಕಪ್ಪಿನ ಸಾಂದ್ರತೆ ಸುಮಾರು 1.6, ಅಂದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡೂವರೆ ಪಾಲು ವಾಪಸು ಬರುತ್ತದೆ. ಬೇರಿಯಂ ಸಲ್ಫೇಟಿನ ಲೇಪವಿರುವ ಬರೈಟಾ ಕಾಗದದಲ್ಲಿ 2.3ರ ಹತ್ತಿರ ಹೋಗುತ್ತದೆ, ವಾಪಸು ಬರುವುದು ನೂರರಲ್ಲಿ ಬರೀ ಅರ್ಧ ಪಾಲು, ಒಂದೂ ಅಲ್ಲ. ಆಲೆಮನೆಯ ಮಸಿಗೆ ಆ ಅರ್ಧವೇ ಬೇಕಿತ್ತು. ಗೋಡೆಯ ಮಸಿಯೊಳಗೆ ಒಂದು ಗೂಡಿದೆ, ಅದರಲ್ಲಿ ಬೆಂಕಿಪೊಟ್ಟಣ, ಬೀಡಿಕಟ್ಟು. ಹತ್ತಿ ಕಾಗದದಲ್ಲಿ ಆ ಗೂಡು ಮಂಕಾಗಿ ಮಸಿಯಲ್ಲೇ ಸೇರಿಹೋಗುತ್ತಿತ್ತು. ಬರೈಟಾದಲ್ಲಿ ಕಪ್ಪಿನ ಮೇಲೆ ಕಪ್ಪಾಗಿ, ಹತ್ತಿರ ಹೋದವರಿಗೆ ಮಾತ್ರ ಕಾಣುವಂತೆ ನಿಂತಿತು.

ಇಷ್ಟೆಲ್ಲ ಹೇಳಿ ಕಷ್ಟವನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಏಪ್ರಿಲ್‌ನಲ್ಲಿ ತಂಗಿಯ ಮದುವೆ ಓಡಾಟದಲ್ಲಿ ಐದು ವಾರ ಪ್ರಿಂಟರಿನ ಹತ್ತಿರ ಹೋಗಲಿಲ್ಲ. ಬೇಸಿಗೆಯ ಒಣಹವೆಗೆ ಪಿಗ್ಮೆಂಟ್ ಶಾಯಿ ಹೆಡ್ಡಿನ ಸಣ್ಣ ರಂಧ್ರಗಳಲ್ಲಿ ಗಟ್ಟಿಯಾಗಿ ಕೂತಿತ್ತು. ನಾಝಲ್ ಚೆಕ್ ಹಾಕಿದರೆ ತಿಳಿಬೂದು ಶಾಯಿಯ ಗೆರೆಗಳಲ್ಲಿ ಅರ್ಧ ಇಲ್ಲ. ನಾಲ್ಕು ಸಲ ಹೆಡ್ ಕ್ಲೀನಿಂಗ್ ಮಾಡಿಸಿದೆ. ಪ್ರತಿ ಸಲವೂ ಎಲ್ಲ ಬಣ್ಣದ ಶಾಯಿಯೂ ಒಳಗಿನ ಪ್ಯಾಡಿಗೆ ಹರಿದು ಹೋಗುತ್ತದೆ, ನಾವು ಬಳಸದ ಬಣ್ಣ ಕೂಡ. ಒಂದು ಪ್ರಿಂಟೂ ಬರದೆ ಒಂದು ಕಾರ್ಟ್ರಿಜ್ ಖಾಲಿಯಾಯಿತು. ಅವತ್ತಿನಿಂದ ಪ್ರತಿ ಶನಿವಾರ ಒಂದು ಸಣ್ಣ ಬೂದುಪಟ್ಟಿ ಹಾಕುತ್ತೇನೆ. ಬೇಸಿಗೆಯಲ್ಲಿ ಪ್ರಿಂಟರಿಗೆ ಬಟ್ಟೆ ಹೊದಿಸಿ, ಪಕ್ಕದಲ್ಲಿ ಒಂದು ಬಟ್ಟಲು ನೀರು ಇಡುತ್ತೇನೆ. ತಿಂಗಳಿಗೆ ಒಂದೋ ಎರಡೋ ಪ್ರಿಂಟ್ ಬೇಕೆನ್ನುವವರಿಗೆ ಈ ಯಂತ್ರ ಬೇಡ ಎಂದೇ ನನ್ನ ಅಭಿಪ್ರಾಯ. ಶಾಯಿ, ಕಾಗದ, ಹಾಳಾದ ಪಟ್ಟಿಗಳು ಎಲ್ಲ ಸೇರಿಸಿದರೆ ನನ್ನ ಒಂದು ಪ್ರಿಂಟಿನ ಖರ್ಚಿನಲ್ಲಿ ಲ್ಯಾಬಿನಲ್ಲಿ ನಾಲ್ಕೈದು ಬರುತ್ತವೆ.

ಲ್ಯಾಬಿಗೆ ನಾನು ಹೋಗುವುದನ್ನೂ ಬಿಟ್ಟಿಲ್ಲ. ತಂಗಿಯ ಮದುವೆಯ ಬಣ್ಣದ ಫೋಟೋಗಳು ಅಲ್ಲೇ ಆದವು, ಚೆನ್ನಾಗಿಯೂ ಬಂದವು. ದೊಡ್ಡಪ್ಪನ ಅದೇ ಚಿತ್ರ ನೆಂಟರಿಗೆಲ್ಲ ಒಂದೊಂದು ಬೇಕೆಂದಾಗ ಮೂವತ್ತು ಪ್ರತಿಗಳನ್ನು ಮನೆಯಲ್ಲಿ ಹಾಕುವ ಮಾತೇ ಇರಲಿಲ್ಲ. ಆದರೆ ಈ ಸಲ ಕೊಟ್ಟ ರೀತಿ ಬೇರೆ. 100 ನಿಟ್ಸ್‌ನ ಪರದೆಯಲ್ಲಿ ತಿದ್ದಿದ ಫೈಲನ್ನು ಸಾಮಾನ್ಯ ಬಣ್ಣದ ಮಾನವಾದ ಎಸ್‌ಆರ್‌ಜಿಬಿಗೆ ಬದಲಿಸಿ, 8x12 ಅಂಗುಲಕ್ಕೆ ಸರಿಯಾಗಿ 2400x3600 ಪಿಕ್ಸೆಲ್‌ಗೆ ಇಳಿಸಿ, ಇಡೀ ಚಿತ್ರಕ್ಕೆ ಒಂದು ಚೂರು ಕಾಫಿಬಣ್ಣದ ಛಾಯೆ ಬೆರೆಸಿ ಕೊಟ್ಟೆ. ಮೊದಲೇ ಸ್ವಲ್ಪ ಬೆಚ್ಚಗಿರುವ ಬೂದು ಅತ್ತಿತ್ತ ವಾಲಿದರೂ ಕಣ್ಣಿಗೆ ಅಷ್ಟು ಚುಚ್ಚುವುದಿಲ್ಲ, ಹಳೆಯ ಫೋಟೋದ ಹಾಗೆ ಒಪ್ಪಿಕೊಳ್ಳುತ್ತೇವೆ. "ಕರೆಕ್ಷನ್ ಏನೂ ಬೇಡಪ್ಪ, ಇದ್ದಂಗೆ ಹಾಕು, ಮೊದಲು ಒಂದು ಕೊಡು, ನೋಡಿ ಆಮೇಲೆ ಮಿಕ್ಕಿದ್ದು" ಎಂದೆ. ಆ ಹುಡುಗ ತಾನೇ ಮೊದಲ ಪ್ರತಿಯನ್ನು ಬಾಗಿಲ ಹೊರಗೆ ಬಿಸಿಲಿಗೆ ತಂದು, ನನಗಿಂತ ಮುಂಚೆ ನೋಡಿ, "ಸಾರ್, ಸ್ವಲ್ಪ ಡಾರ್ಕ್ ಅನ್ಸುತ್ತೆ, ಒಂದು ಪಾಯಿಂಟ್ ಎತ್ತಲಾ?" ಎಂದ. ಎತ್ತು ಎಂದೆ. ಅವನ ಕಣ್ಣು ಸರಿಯಾಗಿತ್ತು.

ವರ್ಷದ ತಿಥಿಗೆ ಎರಡು ದಿನ ಮುಂಚೆ ಬರೈಟಾ ಪ್ರಿಂಟನ್ನು ಊರಿಗೆ ತೆಗೆದುಕೊಂಡು ಹೋದೆ. ಹಾಕಿ ಒಂದು ವಾರವಾಗಿತ್ತು. ಶಾಯಿಯ ಪಸೆ ಪೂರ್ತಿ ಆರದೆ ಗಾಜಿನ ಹಿಂದೆ ಸೇರಿಸಿದರೆ ಗಾಜಿನ ಒಳಮೈ ಮಂಜಾಗುತ್ತದೆ, ಅದಕ್ಕೆ ಆತುರ ಮಾಡಿರಲಿಲ್ಲ. ಹಳೆಯ ಫೋಟೋ ಇಳಿಸಿ, ಅದೇ ಮೊಳೆಗೆ ಇದನ್ನು ಹಾಕಿದೆ. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಅಡುಗೆಮನೆಯಿಂದ ಬಂದರು. ಮುಖ ನೋಡುತ್ತಾರೆ ಎಂದುಕೊಂಡಿದ್ದೆ. ಮುಖದ ಮೇಲೆ ಒಂದು ಕ್ಷಣ ನಿಂತ ಕಣ್ಣು ಕೆಳಗಿಳಿದು ಕೊಪ್ಪರಿಗೆಗೆ ಹೋಯಿತು. ಇನ್ನೂ ಹತ್ತಿರ ಹೋದರು. ಗಾಜಿಗೆ ಬೆರಳು ತಾಗುವಷ್ಟು.

"ಇದು ಇನ್ನೂ ಪಾಕಕ್ಕೆ ಬಂದಿಲ್ಲ ಕನ ಮಗ," ಅಂದರು. "ನೊರೆ ನೋಡು, ಸಣ್ಣಗೆ ಹಗುರಕ್ಕೆ ಎದ್ದದೆ. ಪಾಕ ಬಂದ್ರೆ ದಪ್ಪ ದಪ್ಪ ಗುಳ್ಳೆ ಒಡೀತದೆ. ಇನ್ನೂ ಹೊತ್ತು ಬೇಕು ಇದ್ಕೆ."

ಹೇಳಿ ಒಳಗೆ ಹೋಗಲಿಲ್ಲ. ಮಣೆ ಎಳೆದುಕೊಂಡು ಅಲ್ಲೇ ಕೂತರು.